ನನ್ನ ಹೆಸರಿನಲ್ಲಿ ಇದ್ದದ್ದು

ಗಂಡ ಬೇರೆ ಸಂಸಾರ ಹೂಡಿದ್ದು ಗೊತ್ತಾದ ವಾರದಲ್ಲೇ ಮಗಳನ್ನು ಕರೆದುಕೊಂಡು ಪುಂಜಾಲಕಟ್ಟೆಯ ತವರಿಗೆ ಬಂದೆ. ಕಂಡವರೆಲ್ಲ ಕೇಳಿದ್ದು ಒಂದೇ: "ಇನ್ನು ಹೇಗೆ?" ಆ ಹೊತ್ತಿನಲ್ಲಿ ಅದಕ್ಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಉತ್ತರ ಸಿಗುವ ಪ್ರಶ್ನೆ ಬೇರೆ ಇದೆ. ನನ್ನ ಹೆಸರಿನಲ್ಲಿ ಏನಿದೆ?

ಹುಡುಕಿದಾಗ ಮೊದಲು ಸಿಕ್ಕಿದ್ದು ಸಾಲ. ಸ್ವಸಹಾಯ ಸಂಘದಲ್ಲಿ ನಾನು ಸಹಿ ಹಾಕಿ ಎತ್ತಿದ ಹಣದಲ್ಲಿ ರಿಕ್ಷಾ ಬಂದಿತ್ತು, ಅದರ ಆರ್‌ಸಿ ಗಂಡನ ಹೆಸರಿಗೆ. ರಿಕ್ಷಾ ಅವರ ಜೊತೆ ಹೋಯಿತು, ವಾರದ ಕಂತು ನನಗೆ ಉಳಿಯಿತು. ಹೆಣ್ಣಿನಿಂದ ಕುಟುಂಬ ಎಣಿಸಿದ ಅಳಿಯಸಂತಾನದ ನಾಡಿನಲ್ಲೂ ಇವತ್ತು ಸಾಲ ಹೆಂಗಸಿನ ಹೆಸರಿಗೆ, ಸೊತ್ತು ಗಂಡಸಿನ ಹೆಸರಿಗೆ ಆಗುತ್ತಿರುವುದು ನನಗೆ ತುಂಬ ನೋವಿನ ವಿಷಯ. ಸಭೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿ, ಅವಧಿ ಹೆಚ್ಚಿಸಿ ಕಂತು ಚಿಕ್ಕದು ಮಾಡಿಕೊಡಿ ಎಂದು ಕೇಳಿದೆ. ಒಪ್ಪಿದರು. ನಾನು ಕಟ್ಟದಿದ್ದರೆ ಹೊರೆ ಬೀಳುವುದು ಜೊತೆಗೆ ಕೂತ ಅಕ್ಕಂದಿರ ಮೇಲೆ.

ಎರಡನೆಯದು ಚಿನ್ನ. "ಅಡವಿಡು, ಮಾರಬೇಡ" ಎಂದರು ಚಿಕ್ಕಮ್ಮ. ನಾನು ಒಂದು ಬಳೆ ಮಾರಿದೆ. ಬಿಡಿಸಿಕೊಳ್ಳುವ ಸಂಬಳ ಕಣ್ಣೆದುರಿಗೆ ಇದ್ದರೆ ಅಡವು ಸರಿ. ಅಕ್ಕಿ, ಶಾಲೆಯ ಫೀಸಿಗೆಂದು ಅಡವಿಟ್ಟರೆ ಬಡ್ಡಿ ಬೆಳೆದು ಕೊನೆಗೆ ಏಲಂ ನೋಟಿಸ್ ಬರುತ್ತದೆ, ಆಗ ಬಳೆಯೂ ಇಲ್ಲ, ಹಣವೂ ಇಲ್ಲ. ಮದುವೆಯಲ್ಲಿ ನಿಮಗೆ ಹಾಕಿದ ಚಿನ್ನ ಅತ್ತೆಮನೆಯ ಕಪಾಟಿನಲ್ಲಿದ್ದರೂ ನಿಮ್ಮದೇ. ಸ್ತ್ರೀಧನ ಹೆಂಡತಿಯ ಸ್ವಂತ ಸೊತ್ತು ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿದೆ. ಮದುವೆಯ ಫೋಟೋ, ಅಂಗಡಿಯ ಬಿಲ್ಲು ಜೋಪಾನ ಮಾಡಿ.

ನನ್ನನ್ನು ನಿಜವಾಗಿ ಎತ್ತಿ ನಿಲ್ಲಿಸಿದ್ದು ಬೀಡಿ. ಕಾಲೇಜಿಗೆ ಹೋಗುವಾಗಲೂ, ಮದುವೆಯಾದ ಮೇಲೂ ಕಟ್ಟಿದ್ದೆ. ವಾರದ ಮಜೂರಿ ಮನೆಖರ್ಚಿಗೆ ಕರಗಿಹೋಗಿತ್ತು, ಪಿಎಫ್ ಮಾತ್ರ ಯಾರ ಕೈಗೂ ಸಿಗದೆ ಕೂತಿತ್ತು. ಬೀಡಿಯವರಿಗೆ ಮಜೂರಿಯ ಶೇ 10 ನಮ್ಮಿಂದ, ಅಷ್ಟೇ ಮಾಲೀಕರಿಂದ ಜಮೆಯಾಗುತ್ತದೆ. ಎಲ್ಲ ತೆಗೆದುಬಿಡು ಎಂದವರೇ ಹೆಚ್ಚು. ಆದರೆ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಅದು ತುಂಬುವ ಮೊದಲೇ ಪಿಂಚಣಿಯ ಹಣವನ್ನೂ ತೆಗೆದರೆ ಅಷ್ಟು ವರ್ಷ ಕೂತು ಕಟ್ಟಿದ್ದೆಲ್ಲ ಲೆಕ್ಕದಿಂದ ಅಳಿಸಿಹೋಗುತ್ತದೆ. ನಾನು ಮುಟ್ಟಲಿಲ್ಲ. ಬಿ.ಸಿ.ರೋಡಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಾಗ ಅದೇ ಪಿಎಫ್ ಸಂಖ್ಯೆ (ಯುಎಎನ್) ಕೊಟ್ಟೆ, ಹಳೆಯ ವರ್ಷಗಳು ಹೊಸದಕ್ಕೆ ಸೇರಿದವು. ನಾಮಿನಿಯ ಜಾಗದಲ್ಲಿ ಗಂಡನ ಹೆಸರಿತ್ತು, ಈಗ ಮಗಳ ಹೆಸರಿದೆ. ಬ್ಯಾಂಕ್, ವಿಮೆಗೂ ಇದನ್ನೇ ಮಾಡಿ. ತಾನಾಗಿ ಬದಲಾಗುವುದಿಲ್ಲ.

ರೇಷನ್ ಕಾರ್ಡಿನದು ಸ್ವಲ್ಪ ಓಡಾಟ. ನನ್ನ ಹೆಸರು ಅತ್ತೆಯ ಕಾರ್ಡಿನಲ್ಲಿತ್ತು, ಅಲ್ಲಿಂದ ತೆಗೆಸಿ ಅಮ್ಮನ ಕಾರ್ಡಿಗೆ ಸೇರಿಸಬೇಕಾಯಿತು. ಗೃಹಲಕ್ಷ್ಮಿಯ ₹2,000 ಬರುವುದು ಕಾರ್ಡಿನ ಯಜಮಾನಿಗೆ, ಹಾಗಾಗಿ ನನಗಿಲ್ಲ. ಕೆಲಸಕ್ಕೆ ಹೋಗಿಬರುವ ಖರ್ಚು ಮಾತ್ರ ಉಳಿಯಿತು, ಹೆಂಗಸರಿಗೆ ಉಚಿತವಾಗಿರುವ ಧರ್ಮಸ್ಥಳ–ಮಂಗಳೂರು ಸರ್ಕಾರಿ ಬಸ್ಸು ನಮ್ಮೂರ ಮೇಲೆಯೇ ಹೋಗುತ್ತದೆ.

ವಕೀಲರ ಫೀಸಿಗೆ ಹೆದರಿ ಕೋರ್ಟಿಗೆ ಹೋಗದವರು ಇದ್ದಾರೆ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಟ್ಟರೆ ಸಾಕು. 2020ರ ರಜನೀಶ್–ನೇಹಾ ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಶುರು. ಆದ್ದರಿಂದ ಅರ್ಜಿಯನ್ನು ತಡ ಮಾಡಬೇಡಿ.

ಆದೇಶ ಬಂದ ಮೇಲೂ ಆ ಹಣವನ್ನು ನನ್ನ ತಿಂಗಳ ಆದಾಯದಲ್ಲಿ ಬರೆಯುವುದಿಲ್ಲ. ಒಂದು ತಿಂಗಳು ಬರುತ್ತದೆ, ಇನ್ನೊಂದು ತಿಂಗಳು ಬರುವುದಿಲ್ಲ. ಬಂದದ್ದು ನೇರ ಅಂಚೆ ಕಚೇರಿಯಲ್ಲಿರುವ ಮಗಳ ಸುಕನ್ಯಾ ಖಾತೆಗೆ ಹೋಗುತ್ತದೆ. ವರ್ಷಕ್ಕೆ ₹250 ಕಟ್ಟಿದರೂ ಖಾತೆ ನಡೆಯುತ್ತದೆ, ಅಷ್ಟನ್ನು ನನ್ನ ಸಂಬಳದಿಂದಲೇ ಕಟ್ಟಬಲ್ಲೆ.