ಬಡಗಿ ದುಂಬಿಯ ಆಕಾರವೂ ಕುಟುಕೂ

ದೊಡ್ಡಬಳ್ಳಾಪುರದ ಸುತ್ತಣ ಹಳ್ಳಿಗಳಲ್ಲಿ ಕೊಟ್ಟಿಗೆಯ ತೊಲೆ, ಚಪ್ಪರದ ಗಳು, ಒಣಬಿದಿರು ಮುಂತಾದುವುಗಳಲ್ಲಿ ಬೆರಳು ಹಿಡಿಸುವಷ್ಟು ದುಂಡಾದ ರಂಧ್ರವೂ ಅದರ ಕೆಳಗೆ ಮರದ ಹೊಟ್ಟೂ ಕಂಡುಬರುವುದುಂಟು. ಇದು ಬಡಗಿ ದುಂಬಿಯ ಕೆಲಸ. ಕೀಟಶಾಸ್ತ್ರದಲ್ಲಿ ಇದಕ್ಕೆ ಕ್ಸೈಲೊಕೋಪ, ಎಂದರೆ ಮರ ಕಡಿಯುವುದು, ಎಂದು ಹೆಸರು. ಕುಟುಕಿಗೆ ಹೆದರಿ ಇದರ ಗೂಡನ್ನು ಸುಡುವವರು ತಮ್ಮ ಬೆಳೆಗೇ ನಷ್ಟವನ್ನು ತಂದುಕೊಳ್ಳುವರು.

ಆಕಾರ: ದೇಹವು ದಪ್ಪವಾಗಿ ಕಪ್ಪಗಿರುವುದು. ದೊಡ್ಡ ಜಾತಿಗಳು ಒಂದು ಅಂಗುಲಕ್ಕಿಂತಲೂ ಉದ್ದವಾಗಿರುವುವು. ರೆಕ್ಕೆಗಳು ಬಿಸಿಲಿನಲ್ಲಿ ನೀಲಿಯಾಗಿ ಹೊಳೆಯುವುವು. ಎದೆಯ ಮೇಲೆ ಒತ್ತಾದ ರೋಮವಿದ್ದು, ಹೊಟ್ಟೆಯ ಮೇಲ್ಭಾಗವು ನುಣುಪಾಗಿರುವುದು. ಕೆಲವು ಜಾತಿಗಳಲ್ಲಿ ಹೆಣ್ಣಿನ ಎದೆ ಮಾತ್ರ ಹಳದಿ. ಗಂಡಿನ ಮೈಯೆಲ್ಲವೂ ಹಳದಿ ರೋಮದಿಂದ ಕೂಡಿರುವುದು.

ಗೂಡು: ಹೆಣ್ಣು ತನ್ನ ದವಡೆಗಳಿಂದ ಮರವನ್ನು ಕೊರೆಯುವುದೇ ಹೊರತು ಅದನ್ನು ತಿನ್ನುವುದಿಲ್ಲ. ಪರಾಗ ಮಕರಂದಗಳೇ ಇದರ ಆಹಾರ. ಸುರಂಗದೊಳಗೆ ಪರಾಗದ ಉಂಡೆಯನ್ನಿಟ್ಟು, ಅದರ ಮೇಲೆ ಒಂದು ಮೊಟ್ಟೆಯನ್ನಿಟ್ಟು, ಮರದ ಹೊಟ್ಟಿನಿಂದ ಅಡ್ಡಗೋಡೆಯನ್ನು ಕಟ್ಟುವುದು. ಹೀಗೆಯೇ ಒಂದರ ಪಕ್ಕದಲ್ಲೊಂದು ಕೋಣೆಗಳಾಗುವುವು. ಹೆಜ್ಜೇನಿನಂತೆ ದೊಡ್ಡ ಹಿಂಡಾಗಿ ವಾಸಿಸದ ಕಾರಣ, ಇವು ಹಿಂಡುಗೂಡಿ ಮೇಲೆ ಬೀಳುವ ಭಯವಿಲ್ಲ.

ಕುಟುಕು: ಗೂಡಿನ ಬಳಿ ಗುಂಯ್‌ಗುಡುತ್ತ ಮನುಷ್ಯರ ಮುಖದೆದುರಿಗೆ ಹಾರಿ ಬರುವುದು ಸಾಮಾನ್ಯವಾಗಿ ಗಂಡು. ಅದಕ್ಕೆ ಮುಳ್ಳೇ ಇಲ್ಲ. ಹೆಣ್ಣಿಗೆ ಮುಳ್ಳುಂಟು, ಆದರೆ ಕೈಯಲ್ಲಿ ಹಿಡಿದರೆ, ಅದುಮಿದರೆ ಅಥವಾ ಗೂಡನ್ನು ಕೆಣಕಿದರೆ ಮಾತ್ರ ಕುಟುಕುವುದು. ಜೇನುಹುಳುವಿನ ಮುಳ್ಳಿನಂತೆ ಇದು ಚರ್ಮದಲ್ಲಿ ಸಿಕ್ಕಿಕೊಳ್ಳದು. ಆದುದರಿಂದ ಒಂದೇ ಹುಳು ಮತ್ತೆ ಮತ್ತೆ ಕುಟುಕಬಲ್ಲದು. ಕುಟುಕಿದೆಡೆಯನ್ನು ಸಾಬೂನಿನಿಂದ ತೊಳೆದು ತಣ್ಣೀರಿನ ಬಟ್ಟೆಯನ್ನು ಇಡತಕ್ಕದ್ದು. ಉಸಿರು ಕಟ್ಟಿದರೆ, ಮುಖ ನಾಲಗೆಗಳು ಊದಿಕೊಂಡರೆ ಅಥವಾ ತಲೆ ಸುತ್ತಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಉಪಕಾರ: ಬದನೆಯ ಹೂವಿನಲ್ಲಿ ಪರಾಗವು ಕೇಸರದ ತುದಿಯ ಸಣ್ಣ ರಂಧ್ರದಿಂದ ಉದುರಬೇಕು. ಬಡಗಿ ದುಂಬಿಯು ಹೂವನ್ನು ಅಪ್ಪಿ ಮೈಯನ್ನು ನಡುಗಿಸಿ ಪರಾಗವನ್ನು ಉದುರಿಸುವುದು. ಜೇನುಹುಳುವಿಗೆ ಈ ಶಕ್ತಿಯಿಲ್ಲ. ರಾಗಿಯ ಹೊಲದ ಅಕ್ಕಡಿ ಸಾಲಿನ ತೊಗರಿ, ಅವರೆ ಹೂಗಳಿಗೂ ಈ ದುಂಬಿಯು ಬರುವುದು.

ರೈತರು ಮಾಡತಕ್ಕದ್ದು: ಮನೆಯ ಮರಕ್ಕೆ ಬಣ್ಣ ಬಳಿದು, ದುಂಬಿ ಬಿಟ್ಟುಹೋದ ರಂಧ್ರಗಳನ್ನು ಮುಚ್ಚಬೇಕು. ಬೇಲಿಯಂಚಿನಲ್ಲಿ ಒಣಬಿದಿರನ್ನೂ ಒಣಕೊಂಬೆಗಳನ್ನೂ ಉಳಿಸಬೇಕು. ಹೂ ಬಿಟ್ಟ ಬೆಳೆಗೆ ಔಷಧಿ ಸಿಂಪಡಿಸುವುದು ಅನಿವಾರ್ಯವಾದರೆ, ದುಂಬಿಗಳ ಓಡಾಟ ನಿಂತ ಸಂಜೆಯ ಹೊತ್ತಿನಲ್ಲಿ ಸಿಂಪಡಿಸುವುದು ಲೇಸು.