ಸೆನ್ಸರ್ ಬದಲಿಸಿದರೂ ಆರದ ಎಂಜಿನ್ ದೀಪ

ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗ್ರಹಿಸಿ, ಹಳೆಯ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 0.1ರಿಂದ 0.9 ವೋಲ್ಟ್ ನಡುವೆ ಏರಿಳಿಯುವ ಸಂಕೇತವನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಕಳುಹಿಸುತ್ತದೆ. ಹೊಸ ಸೆನ್ಸರ್ ಹಾಕಿದ ಮೇಲೂ ಅದೇ ದೋಷ ಮರಳಿದರೆ ಮೂಲ ಬೇರೆಡೆ ಇರುವ ಸಾಧ್ಯತೆಯೇ ಹೆಚ್ಚು. ಪುತ್ತೂರು, ಸುಳ್ಯ, ಕಡಬದಂಥ ಜಡಿಮಳೆಯ ಊರುಗಳಲ್ಲಿ ಮೊದಲು ವೈರಿಂಗ್ ನೋಡಬೇಕು. ಕನೆಕ್ಟರಿನೊಳಗೆ ನೀರು ಸೇರಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ; ತೋಟದ ಶೆಡ್ಡಿನಲ್ಲಿ ನಿಂತ ಕಾರಿನ ವೈರನ್ನು ಇಲಿ ಕಡಿಯುವುದೂ ಉಂಟು. ಪಿ0135 ಕೋಡ್ ಬಂದರೆ ಸೆನ್ಸರಿನೊಳಗಿನ ಹೀಟರಿನ ಫ್ಯೂಸ್, ಅರ್ತ್ ಪರೀಕ್ಷಿಸಬೇಕು. ಹೊಗೆ ಕೊಳವೆಯಲ್ಲಿ ಸೆನ್ಸರಿಗಿಂತ ಮುಂಚಿನ ಜಾಯಿಂಟ್ ಬಿಟ್ಟಿದ್ದರೆ ಹೊರಗಾಳಿ ಒಳಸೇರಿ, ಪೆಟ್ರೋಲ್ ಸಾಲದೆಂಬ ಸುಳ್ಳು ಸಂಕೇತ ಹೋಗುತ್ತದೆ. ಅಲ್ಲಿ ಸಾಧಾರಣ ಸಿಲಿಕೋನ್ ಗಮ್ ಮೆತ್ತಲೇಬಾರದು. ಅದರ ಆವಿ ಸೆನ್ಸರನ್ನೇ ಕೆಡಿಸುತ್ತದೆ. ಇವೆಲ್ಲ ಸರಿಯಿದ್ದೂ ವೋಲ್ಟೇಜ್ ಏರಿಳಿಯದಿದ್ದರೆ ಮಾತ್ರ ಸೆನ್ಸರ್ ಬದಲಿಸುವುದು ಸರಿ.