ಹಕ್ಕಿ ಸತ್ತರೆ ಮೊದಲು ಏನು ನೋಡಬೇಕು?

2021ರ ಜನವರಿ. ಅಡಿಕೆ ಕೊಯ್ಲಿನ ಸಮಯ. ಕೇರಳದ ಆಲಪ್ಪುಳ, ಕೊಟ್ಟಾಯಂ ಕಡೆ ಬಾತುಕೋಳಿಗಳು ಹಕ್ಕಿಜ್ವರದಿಂದ ಸತ್ತ ಸುದ್ದಿ. ರಾಜಸ್ಥಾನ, ಮಧ್ಯಪ್ರದೇಶದಲ್ಲಿ ಕಾಗೆಗಳು ಮರದಿಂದ ಉದುರಿದ ಸುದ್ದಿ. ಅದೇ ವಾರ ಸಾಗರ ಸೀಮೆಯ ನಮ್ಮೂರಲ್ಲೂ ನಾಲ್ಕು ಕಾಗೆ ಸತ್ತು ಬಿದ್ದವು. ಎರಡು ನಮ್ಮ ತೋಟದ ಅಂಚಿನಲ್ಲಿ, ಎರಡು ಗದ್ದೆ ಬದುವಿನಲ್ಲಿ.

ಸಂಜೆ ಚಾ ಅಂಗಡಿಯಲ್ಲಿ ಅದೇ ಮಾತು. ‘ಹಕ್ಕಿಜ್ವರ ಬಂತಲ್ರೋ ನಮ್ಮೂರಿಗೂ’ ಅಂದರು ಒಬ್ಬರು. ‘ಎಂತಾ ಹಕ್ಕಿಜ್ವರ ಮಾರಾಯ, ಗುಡ್ಡದ ಮೇಲಿನ ಟವರಿಂದೇ ಕೆಲಸ’ ಅಂದರು ಇನ್ನೊಬ್ಬರು. ಬೋರ್ಡೋ ಸಿಂಪರಣೆಯ ಮೇಲೆ ಅನುಮಾನ ಬಂತು. ಕಾಗೆ ಸತ್ತರೆ ಊರಿಗೆ ಒಳ್ಳೇದಲ್ಲ ಅನ್ನುವ ಮಾತೂ ಬಂತು. ಎರಡು ದಿನದಲ್ಲಿ ನಾಲ್ಕು ಕಾಗೆ ನಲವತ್ತಾಯಿತು. ಕೆಳಗಿನ ಮನೆಯ ಅಕ್ಕ ಮಗಳ ಮದುವೆ ಖರ್ಚಿಗೆ ಅಂತ ಸಾಕಿದ್ದ ಹದಿನಾಲ್ಕು ನಾಟಿಕೋಳಿಗಳನ್ನು ಹೆದರಿಕೆಗೆ ಸಿಕ್ಕಿದ ದುಡ್ಡಿಗೆ ಕೊಟ್ಟು ಕೈತೊಳೆದುಕೊಂಡರು.

ನಾನು ಆ ದಿನ ಅಂಗಡಿಯಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಮಲೆನಾಡಿನವರಾದ ನಮಗೆ ಇಂಥದ್ದು ಹೊಸತಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಹಳದಿ ಜ್ವರವೋ ಏನೋ ಅಂತ ತಜ್ಞರಿಗೇ ಅನುಮಾನವಿತ್ತು. ಕೊನೆಗೆ ಉಣ್ಣಿಯಿಂದ ಹರಡುವ ಹೊಸ ವೈರಸ್ ಸಿಕ್ಕಿತು. ಇವತ್ತು ಮಂಗ ಸತ್ತರೆ ಮುಟ್ಟಬಾರದು, ಆರೋಗ್ಯ ಇಲಾಖೆಗೆ ತಿಳಿಸಬೇಕು ಅನ್ನುವುದು ನಮ್ಮ ಮಕ್ಕಳಿಗೂ ಗೊತ್ತು. ಹಕ್ಕಿ ಸತ್ತರೆ ಮಾತ್ರ ನಾವಿನ್ನೂ ಚಾ ಅಂಗಡಿಯಲ್ಲೇ ತೀರ್ಪು ಕೊಡುತ್ತೇವೆ. ಸಾವಿರಗಟ್ಟಲೆ ಹಕ್ಕಿ ಸತ್ತ ಎರಡು ಪ್ರಕರಣಗಳಲ್ಲಿ ಕಾರಣ ಪತ್ತೆಯಾದದ್ದು ಹೇಗೆ ಅಂತ ನೋಡೋಣ. ಎರಡರಲ್ಲೂ ನಮ್ಮ ಕೊಟ್ಟಿಗೆ, ಗೊಬ್ಬರಗುಂಡಿಗೆ ಬೇಕಾದ ವಿಷಯ ಇದೆ.

ಸಾಂಭರ್ ಕೆರೆಯ ಒಗಟು

ರಾಜಸ್ಥಾನದ ಸಾಂಭರ್ ನಮ್ಮ ದೇಶದ ಅತಿ ದೊಡ್ಡ ಒಳನಾಡಿನ ಉಪ್ಪುನೀರಿನ ಸರೋವರ. ಚಳಿಗಾಲದಲ್ಲಿ ಅಲ್ಲಿಗೆ ದೂರ ದೇಶದ ನೀರುಹಕ್ಕಿಗಳು ಬರುತ್ತವೆ. 2019ರಲ್ಲಿ ಆ ಕಡೆ ಮಳೆ ಚೆನ್ನಾಗಿ ಬಂದು ಸರೋವರ ತುಂಬಿತ್ತು. ನವೆಂಬರ್ ಎರಡನೇ ವಾರ ನೀರಂಚಿನಲ್ಲಿ ಹೆಣಗಳು ಕಾಣಿಸಿದವು. ಮೊದಲು ನೂರು, ಆಮೇಲೆ ಸಾವಿರ. ಕೊನೆಗೆ ಲೆಕ್ಕ ಸಿಕ್ಕಿದ್ದೇ 18,000ಕ್ಕೂ ಹೆಚ್ಚು.

ಆಲಿಕಲ್ಲು ಮಳೆ ಹೊಡೆದಿದೆ, ಯಾರೋ ನೀರಿಗೆ ವಿಷ ಹಾಕಿದ್ದಾರೆ, ನೀರಿನ ಉಪ್ಪು ಹೆಚ್ಚಾಗಿದೆ, ಹಕ್ಕಿಜ್ವರ ಬಂದಿದೆ. ಅಲ್ಲಿ ಹುಟ್ಟಿದ ಊಹೆಗಳಿವು. ಒಂದೊಂದೂ ಕೇಳಲು ಸರಿಯೇ ಅನಿಸುತ್ತದೆ. ಆದರೆ ಆಲಿಕಲ್ಲಿಗೆ ಸತ್ತಿದ್ದರೆ ಎಲ್ಲ ಒಂದೇ ದಿನ ಸಾಯಬೇಕು, ಮೈಮೇಲೆ ಪೆಟ್ಟಿರಬೇಕು. ಇಲ್ಲಿ ಸಾವು ದಿನದಿಂದ ದಿನಕ್ಕೆ ಏರುತ್ತಾ ಹೋಯಿತು. ಹಕ್ಕಿಜ್ವರ ಅಲ್ಲ ಎಂದು ಭೋಪಾಲದ ಪ್ರಯೋಗಾಲಯ ಪರೀಕ್ಷೆ ಮಾಡಿ ಹೇಳಿತು.

ನಿಜವಾದ ಸುಳಿವು ಸಿಕ್ಕಿದ್ದು ಇನ್ನೂ ಜೀವ ಇದ್ದ ಹಕ್ಕಿಗಳಲ್ಲಿ. ಅವು ಹಾರಲಾರವು, ರೆಕ್ಕೆ ಜೋತು ಬಿದ್ದಿತ್ತು. ಕಾಲಿಗೆ ಬಲವಿಲ್ಲ. ಕತ್ತು ಎತ್ತಲಾರದೆ ಕೊಕ್ಕು ನೆಲಕ್ಕೆ ತಾಗಿತ್ತು. ಕತ್ತು ಸೋತ ಹಕ್ಕಿ ಅಂಗೈಯಗಲ ನೀರಿನಲ್ಲೂ ಮುಳುಗಿ ಸಾಯುತ್ತದೆ. ಬರೇಲಿಯ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಅದೇ ತಿಂಗಳು ಉತ್ತರ ಕೊಟ್ಟಿತು: ಬೊಟುಲಿಸಂ.

ಇದೊಂದು ಬ್ಯಾಕ್ಟೀರಿಯಾ ಮಾಡುವ ವಿಷ. ಆ ಬ್ಯಾಕ್ಟೀರಿಯಾ ಬೀಜದ ಹಾಗೆ ಗಟ್ಟಿಯಾಗಿ ಕೆಸರಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಸೆಕೆ ಇದ್ದು, ಗಾಳಿಯಾಡದ ಕೊಳೆತ ಮಾಂಸ ಸಿಕ್ಕಿದರೆ ಎದ್ದು ಬೆಳೆಯುತ್ತದೆ, ವಿಷ ಬಿಡುತ್ತದೆ. ಹೆಣದಲ್ಲಿ ನೊಣದ ಹುಳ ಹುಟ್ಟುತ್ತದೆ. ಹುಳಕ್ಕೆ ಈ ವಿಷ ನಾಟುವುದಿಲ್ಲ, ಆದರೆ ಅದರ ಮೈಯಲ್ಲಿ ವಿಷ ತುಂಬಿರುತ್ತದೆ. ಆ ಹುಳ ತಿಂದ ಹಕ್ಕಿ ಸಾಯುತ್ತದೆ. ಆ ಹೆಣದಲ್ಲಿ ಮತ್ತೆ ಹುಳ, ಅದನ್ನು ತಿಂದು ಇನ್ನಷ್ಟು ಹಕ್ಕಿ. ಒಂದು ಹೆಣ ಹತ್ತಾಗುವುದು ಹೀಗೆ. ಹಾಗಾಗಿ ಅಲ್ಲಿ ಮಾಡಿದ ಮುಖ್ಯ ಕೆಲಸ ಔಷಧಿ ಕೊಟ್ಟದ್ದಲ್ಲ, ಹೆಣ ಹೆಕ್ಕಿ ಹೊಂಡ ತೋಡಿ ಹೂತದ್ದು. ವಿಷದ ನೀರು ಅಂತ ಕೂತಿದ್ದರೆ ಹೆಣಗಳು ಅಲ್ಲೇ ಕೊಳೆಯುತ್ತಿದ್ದವು.

ಕೋಳಿ ಸಾಕುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೇಯಲು ಬಿಟ್ಟ ಕೋಳಿ, ಬಾತುಕೋಳಿಗೂ ಇದೇ ಕಾಯಿಲೆ ಬರುತ್ತದೆ. ತಿಪ್ಪೆಯ ಹತ್ತಿರ ಸತ್ತ ಇಲಿ, ಸತ್ತ ಕೋಳಿ ಎಸೆದರೆ ಅದರ ಹುಳ ಕೆದಕಿ ತಿನ್ನುತ್ತವೆ. ಮರುದಿನ ಕತ್ತು ನೆಲಕ್ಕೆ ಇಟ್ಟು ಮಲಗಿರುತ್ತವೆ.

ದನಕ್ಕೂ ಬರುತ್ತದೆ. ಅಡಿಕೆ ತೋಟಕ್ಕೆ ನಾವು ಲಾರಿಯಲ್ಲಿ ಕೋಳಿಗೊಬ್ಬರ ತರಿಸುತ್ತೇವಲ್ಲ, ಅದರೊಳಗೆ ಒಮ್ಮೊಮ್ಮೆ ಸತ್ತ ಕೋಳಿ ಇರುತ್ತದೆ. ಆ ಗೊಬ್ಬರ ಹರಡಿದ ಜಾಗದ ಹುಲ್ಲು ಮೇದ ದನಗಳು ಬೊಟುಲಿಸಂನಿಂದ ಸತ್ತದ್ದು ಬೇರೆ ದೇಶಗಳಲ್ಲಿ ಚೆನ್ನಾಗಿ ದಾಖಲಾಗಿದೆ. ಬೈಹುಲ್ಲಿನ ಬಣವೆಯೊಳಗೆ ಇಲಿ ಸತ್ತು ಕೊಳೆತರೂ ಅಪಾಯ. ರಂಜಕದ ಕೊರತೆಯಿದ್ದ ದನ ಎಲುಬು ಕಂಡಲ್ಲಿ ಜಗಿಯುತ್ತದೆ, ಅದರಿಂದಲೂ ಬರುತ್ತದೆ. ಗೊಬ್ಬರದ ಲೋಡಿನಲ್ಲಿ ಹೆಣ ಕಂಡರೆ ಹೆಕ್ಕಿ ಹೂಳಿ, ಕಂಪೋಸ್ಟ್ ಆಗದ ಕೋಳಿಗೊಬ್ಬರವನ್ನು ದನ ಮೇಯುವ ಜಾಗದಲ್ಲಿ ಹರಡಬೇಡಿ. ಗೊಬ್ಬರ ಕೊಡುವವರಿಗೂ ಒಂದು ಮಾತು ಹೇಳಿ. ಗಟ್ಟಿಯಾಗಿಯೇ ಹೇಳಿ.

ಹದ್ದಿನ ಕಥೆ: ಕಾರಣ ನಮ್ಮ ಕೊಟ್ಟಿಗೆಯಲ್ಲೇ ಇತ್ತು

ಸಾಂಭರ್‌ನಲ್ಲಿ ಉತ್ತರ ಕೆಲವೇ ವಾರದಲ್ಲಿ ಸಿಕ್ಕಿತು. ರಣಹದ್ದಿನ ವಿಷಯದಲ್ಲಿ ವರ್ಷಗಳೇ ಹಿಡಿದವು.

1990ರ ದಶಕದಲ್ಲಿ ಭರತಪುರದ ಕೇವಲಾದೇವ ಉದ್ಯಾನದಲ್ಲಿ ಹದ್ದುಗಳು ಮರದ ಮೇಲೆ ಕತ್ತು ಜೋತುಹಾಕಿ ಕೂತು, ಕೆಲ ದಿನದಲ್ಲಿ ಸತ್ತು ಬೀಳುವುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಗಮನಿಸಿದರು. ದೇಶದಾದ್ಯಂತ ಇದೇ ಪಾಡು. ಬಿಳಿಬೆನ್ನಿನ ರಣಹದ್ದು 1992ರಿಂದ 2007ರ ನಡುವೆ ನೂರಕ್ಕೆ 99.9ರಷ್ಟು ಕಡಿಮೆಯಾಯಿತು. ಅಂದರೆ ಸಾವಿರ ಇದ್ದಲ್ಲಿ ಒಂದು ಉಳಿಯಿತು. ಹೊಸ ವೈರಸ್ ಅಂದರು. ಡಿಡಿಟಿ ಅಂದರು. ತಿನ್ನಲು ಹೆಣ ಸಿಗುತ್ತಿಲ್ಲ ಅಂದರು. ಕತ್ತು ಜೋತದ್ದು ಇಲ್ಲೂ ಇತ್ತು ನೋಡಿ, ಆದರೆ ಬೊಟುಲಿಸಂ ಅಲ್ಲ. ಒಂದೇ ಲಕ್ಷಣ ನೋಡಿ ತೀರ್ಮಾನಿಸಿದರೆ ಕೈಕೊಡುತ್ತದೆ.

ಹೆಣ ಕೊಯ್ದು ನೋಡಿದಾಗ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಅದು ಯೂರಿಕ್ ಆಮ್ಲ. ಕಿಡ್ನಿ ಕೆಲಸ ನಿಲ್ಲಿಸಿದರೆ ಹಕ್ಕಿಗಳಲ್ಲಿ ಹೀಗಾಗುತ್ತದೆ. ಪಾಕಿಸ್ತಾನದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಪಶುವೈದ್ಯ ಲಿಂಡ್ಸೆ ಓಕ್ಸ್ ಮತ್ತು ಜತೆಗಾರರು ರೋಗಾಣು ಹುಡುಕಿದರು, ಸಿಗಲಿಲ್ಲ. ಕೀಟನಾಶಕ, ಸೀಸ ಎಲ್ಲ ನೋಡಿದರು, ಸಿಗಲಿಲ್ಲ. ಆಮೇಲೆ ಅವರು ಪ್ರಶ್ನೆಯನ್ನೇ ತಿರುಗಿಸಿದರು. ಹದ್ದು ತಿನ್ನುವುದು ಸತ್ತ ದನ, ಎಮ್ಮೆ. ಹಾಗಾದರೆ ದನಕ್ಕೆ ಇತ್ತೀಚೆಗೆ ಯಾವ ಔಷಧಿ ಕೊಡುತ್ತಿದ್ದಾರೆ? ಅದರಲ್ಲಿ ಕಿಡ್ನಿಗೆ ತೊಂದರೆ ಮಾಡುವಂಥದ್ದು ಯಾವುದು? ಪಶುವೈದ್ಯರನ್ನು, ಔಷಧಿ ಅಂಗಡಿಗಳನ್ನು ವಿಚಾರಿಸಿದಾಗ ಡೈಕ್ಲೋಫೆನಾಕ್ ಸಿಕ್ಕಿತು. ನೋವಿಗೆ, ಬಾವಿಗೆ ಕೊಡುವ ಅಗ್ಗದ ಇಂಜೆಕ್ಷನ್. ಕಾರಣ ಪ್ರಕಟವಾದದ್ದು 2004ರಲ್ಲಿ.

ಹದ್ದುಗಳು ಹಿಂಡಾಗಿ ಒಂದೇ ಹೆಣಕ್ಕೆ ಇಳಿಯುತ್ತವೆ. ಹಾಗಾಗಿ ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ಔಷಧಿ ಇದ್ದರೂ ಇಷ್ಟು ನಾಶಕ್ಕೆ ಸಾಕು ಎಂದು ಲೆಕ್ಕ ಹಾಕಿದ್ದಾರೆ. ಕೊಟ್ಟವರು ಯಾರೂ ಹದ್ದು ಕೊಲ್ಲಲು ಕೊಟ್ಟದ್ದಲ್ಲ. ಕುಂಟುವ ಎತ್ತಿಗೆ, ಕೆಚ್ಚಲುಬಾವಿನ ಹಸುವಿಗೆ ಆರಾಮಾಗಲಿ ಅಂತ ಕೊಟ್ಟದ್ದು.

2006ರಲ್ಲಿ ಜಾನುವಾರು ಬಳಕೆಯ ಡೈಕ್ಲೋಫೆನಾಕ್ ನಿಷೇಧವಾಯಿತು. ಮನುಷ್ಯರ ಔಷಧಿಯ ದೊಡ್ಡ ಬಾಟಲಿಗಳನ್ನೇ ದನಕ್ಕೆ ಚುಚ್ಚುತ್ತಿದ್ದರಿಂದ 2015ರಲ್ಲಿ ಅದನ್ನು 3 ಮಿಲಿಯ ಒಂದೇ ಡೋಸಿನ ಬಾಟಲಿಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ನಿಷೇಧವಾದವು. 2024ರ ಕೊನೆಗೆ ನಿಮೆಸುಲೈಡ್. ಮೆಲಾಕ್ಸಿಕ್ಯಾಂ ಮತ್ತು ಟಾಲ್ಫೆನಾಮಿಕ್ ಆಮ್ಲ ಹದ್ದಿಗೆ ತೊಂದರೆ ಮಾಡುವುದಿಲ್ಲ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ನಮ್ಮ ರಾಜ್ಯದಲ್ಲಿ ಉಳಿದಿರುವ ಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಅಂತ ಘೋಷಿಸಿದ್ದಾರೆ. ಸುತ್ತಲಿನ ಕೊಟ್ಟಿಗೆಗಳಲ್ಲಿ ಚುಚ್ಚುವುದು ಬದಲಾಗದಿದ್ದರೆ ಬರೀ ಘೋಷಣೆಯಿಂದ ಹದ್ದು ಉಳಿಯಲಾರದು ಅನ್ನುವುದು ನನ್ನ ಅನಿಸಿಕೆ.

ಮೇಲಿನ ಹೆಸರುಗಳನ್ನು ನಾನು ಒಂದು ರಟ್ಟಿನಲ್ಲಿ ಬರೆದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದೇನೆ. ಡಾಕ್ಟರು ಬಂದಾಗ ‘ನೋವಿಗೆ ಯಾವುದು ಕೊಡ್ತೀರಿ ಸಾರ್’ ಅಂತ ಕೇಳುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೂ ಸತ್ತ ದನವನ್ನು ಗುಡ್ಡಕ್ಕೆ ಎಳೆದು ಬಿಡುವುದು ಬೇಡ, ಹೂಳುವುದೇ ಸರಿ.

ನಮ್ಮೂರಿನ ಕಾಗೆಗಳು

ಈಗ ನನ್ನ ವಿಷಯ. ಆ ನಾಲ್ಕು ಕಾಗೆಯನ್ನು ಕೊಂದದ್ದು ಹಕ್ಕಿಜ್ವರವೂ ಅಲ್ಲ, ಟವರೂ ಅಲ್ಲ. ನಾನು.

ಗೆಣಸಿನ ಸಾಲಿಗೆ ಇಲಿ, ಹೆಗ್ಗಣದ ಕಾಟ ಹೇಳತೀರದಷ್ಟಾಗಿತ್ತು. ಅಟ್ಟದ ಮೇಲೆ ಬಾಳೆಗೆ ತಂದು ಉಳಿದಿದ್ದ ಫೋರೇಟ್ ಹರಳಿತ್ತು. ಅನ್ನದ ಜತೆ ಕಲಸಿ ಬದುವಿನ ಮೇಲೆ ಉಂಡೆ ಮಾಡಿ ಇಟ್ಟೆ. ಅದು ಇಲಿಗೆ ಇಡುವ ಔಷಧಿಯೇ ಅಲ್ಲ. ಸಾಲದ್ದಕ್ಕೆ ಅದರ ಮಾರಾಟ, ಬಳಕೆ ಎಲ್ಲ 2020ರ ಡಿಸೆಂಬರ್ 31ಕ್ಕೆ ಪೂರ್ತಿ ನಿಷೇಧವಾಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಉಂಡೆ ಚದುರಿತ್ತು, ಕಾಗೆ ಬಿದ್ದಿತ್ತು. ಕೊಕ್ಕಿನಲ್ಲಿ ಜೊಲ್ಲು, ಉಗುರು ಬಿಗಿದು ಮಡಚಿತ್ತು, ಬಾಯೊಳಗೆ ಅನ್ನದ ಅಗುಳು. ನೋಡಿದ ಕೂಡಲೆ ನನಗೆ ಗೊತ್ತಾಯಿತು. ಅಂಗಡಿಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಹೇಳಿದ್ದರೆ ಅಕ್ಕನ ಕೋಳಿ ಉಳಿಯುತ್ತಿತ್ತು. ಎರಡು ತಿಂಗಳ ಮೇಲೆ ಅವರ ಮನೆಗೆ ಹೋಗಿ ಹೇಳಿದೆ. ‘ಅಂದೇ ಹೇಳಬಾರದಿತ್ತನೋ ತಮಾ’ ಅಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಮೇಲೆ ಹಕ್ಕಿ ಸತ್ತದ್ದು ಕಂಡರೆ ನಾನು ನೋಡುವುದು ಹೀಗೆ. ಒಂದೇ ಜಾತಿಯೋ, ಹಲವು ಜಾತಿಯೋ? ಎಲ್ಲ ಒಂದೇ ದಿನ ಸತ್ತವೋ, ದಿನಾ ಸಾಯುತ್ತಿವೆಯೋ? ಮೇಲೆ ವಿದ್ಯುತ್ ತಂತಿ ಇದೆಯೇ? ತಂತಿಯಡಿ ಒಂದೆರಡು ಬಿದ್ದಿದ್ದರೆ ಮೊದಲು ಅದನ್ನೇ ಅನುಮಾನಿಸಿ. ಬಿತ್ತಿದ ಗದ್ದೆಯಲ್ಲೋ ಬದುವಿನಲ್ಲೋ ತಿಂದ ಜಾಗದಲ್ಲೇ ಬಿದ್ದು, ಬಾಯಲ್ಲಿ ಕಾಳು, ಜೊಲ್ಲು ಇದ್ದರೆ ವಿಷದ ಕಡೆ ಯೋಚಿಸಿ. ಬೀಜೋಪಚಾರ ಮಾಡಿದ ಕಾಳು ಮೇಲೆ ಉಳಿದಿದ್ದರೆ ನವಿಲು, ಪಾರಿವಾಳ ಹೀಗೇ ಸಾಯುತ್ತವೆ. ಕೆರೆಯಂಚಿನಲ್ಲಿ ಕತ್ತು ಸೋತು ಬಿದ್ದಿದ್ದರೆ ಬೊಟುಲಿಸಂ ಇರಬಹುದು. ಮನೆಕೋಳಿ ಒಂದರ ಹಿಂದೆ ಒಂದು ಸತ್ತು, ತಲೆ ಬಾತು, ಜುಟ್ಟು ನೀಲಿಯಾಗಿದ್ದರೆ ಒಂದು ತಾಸೂ ಕಾಯಬೇಡಿ. ಹಕ್ಕಿಜ್ವರ ನಮ್ಮ ರಾಜ್ಯಕ್ಕೆ ಬಾರದ್ದಲ್ಲ. 2017ರ ಜನವರಿಯಲ್ಲಿ ಅದರಿಂದಾಗಿ ಮೈಸೂರು ಮೃಗಾಲಯವನ್ನೇ ಒಂದು ತಿಂಗಳು ಮುಚ್ಚಿದ್ದರು. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಯಿಂದ ಅದು ಬರುವುದಿಲ್ಲ. ಅಪಾಯ ಇರುವುದು ಕಾಯಿಲೆ ಹಕ್ಕಿಯನ್ನು ಬರಿಗೈಯಲ್ಲಿ ಹಿಡಿದು ಕೊಯ್ಯುವುದರಲ್ಲಿ, ಪುಕ್ಕ ತೆಗೆಯುವುದರಲ್ಲಿ.

ಇವೆಲ್ಲ ಅನುಮಾನಕ್ಕೆ ದಾರಿ ಅಷ್ಟೆ, ತೀರ್ಪು ಪ್ರಯೋಗಾಲಯದ್ದು. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿದರೆ ಅವರು ಮಾದರಿಯನ್ನು ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಗೆ ಕಳಿಸುತ್ತಾರೆ. ಹಕ್ಕಿಜ್ವರದ ಅನುಮಾನವಿದ್ದರೆ ಭೋಪಾಲಕ್ಕೆ ಹೋಗುತ್ತದೆ. ಕೊಳೆತದ್ದರಲ್ಲಿ ಏನೂ ಸಿಗುವುದಿಲ್ಲ, ಹೊಸದಾಗಿ ಸತ್ತದ್ದೇ ಬೇಕು. ಅವರು ಬರುವ ತನಕ ನಾಯಿ, ಕೋಳಿ ಹತ್ತಿರ ಹೋಗದಂತೆ ಬುಟ್ಟಿ ಮುಚ್ಚಿ ಕಲ್ಲು ಹೇರಿ. ಮುಟ್ಟಲೇಬೇಕಾದರೆ ಕೈಗೆ ಎರಡು ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಹಳ್ಳಕ್ಕೆ ಎಸೆಯಬೇಡಿ. ಉಳಿದದ್ದನ್ನು ಬಾವಿಯಿಂದ ದೂರ, ಆಳದ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಎಷ್ಟು ಸತ್ತಿವೆ, ಎಲ್ಲಿ, ಯಾವ ದಿನ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆ ವಾರ ನಿಮ್ಮ ತೋಟದಲ್ಲಿ, ಪಕ್ಕದ ತೋಟದಲ್ಲಿ ಏನು ಹೊಡೆದಿದ್ದರು, ಏನು ಇಟ್ಟಿದ್ದರು ಅನ್ನುವುದನ್ನೂ ಅದೇ ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ.